ಎರಡು ಲಾಲ್‌ಬಾಗ್‌ಗಳು: ನೆಟ್ಟವರ ಚರಿತ್ರೆ ಮತ್ತು ಉಳಿಸಿದವರ ಚರಿತ್ರೆ

ಬೆಂಗಳೂರಿಗೆ ಹೋದ ಕುಟುಂಬಗಳು ಅರ್ಧ ದಿನದ ಬಿಡುವು ಸಿಕ್ಕರೆ ಲಾಲ್‌ಬಾಗನ್ನು ನೋಡದೆ ಮರಳುವುದು ವಿರಳ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕಂತೂ ನಾಡಿನ ಮೂಲೆ ಮೂಲೆಗಳಿಂದ ಜನ ಸೇರುತ್ತಾರೆ. ಸುಮಾರು 240 ಎಕರೆಯಷ್ಟು ಹಬ್ಬಿರುವ ಈ ಸಸ್ಯೋದ್ಯಾನದೊಳಗೆ ಕಾಲಿಟ್ಟಾಗ ನಮ್ಮ ಸಮುದಾಯದ ಹಿರಿಯರು ಮಕ್ಕಳಿಗೆ ಹೇಳುವ ಮೊದಲ ಮಾತು ಒಂದೇ: ಇದನ್ನು ನೆಡಿಸಿದವರು ಹೈದರ್ ಅಲಿ, ಬೆಳೆಸಿದವರು ಟಿಪ್ಪು ಸುಲ್ತಾನ್. ಮಾತು ಸತ್ಯವಾದುದೇ. ಆದರೆ ಬಹುಪಾಲು ಕುಟುಂಬಗಳಲ್ಲಿ ಲಾಲ್‌ಬಾಗಿನ ಚರಿತ್ರೆ ಅಲ್ಲಿಗೇ ಮುಗಿದುಬಿಡುತ್ತದೆ. ಆ ಬಳಿಕ ಐಸ್‌ಕ್ರೀಮ್, ಫೋಟೊ, ಮರಳುವ ದಾರಿ.

ವಾಸ್ತವದಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಲಾಲ್‌ಬಾಗ್ ಎಂಬ ಹೆಸರಿನ ಉದ್ಯಾನಗಳು ಎರಡಿದ್ದವು. ಒಂದು ಬೆಂಗಳೂರಿನದು. ಇನ್ನೊಂದು ಶ್ರೀರಂಗಪಟ್ಟಣದ ದ್ವೀಪದ ಪೂರ್ವ ಭಾಗದಲ್ಲಿ, ಗಂಜಾಮಿನ ಬಳಿ ಇದ್ದುದು. ಎರಡನ್ನೂ ಬೆಳೆಸಿದ್ದು ಅದೇ ತಂದೆ ಮಗ, ಎರಡರಲ್ಲಿಯೂ ಸಾಲು ಸಾಲಾಗಿ ಸೈಪ್ರೆಸ್ ಮರಗಳಿದ್ದವು. ಇಂದು ಒಂದು ಲೋಕಪ್ರಸಿದ್ಧ. ಇನ್ನೊಂದರ ಹೆಸರನ್ನೇ ಬಹಳ ಮಂದಿ ಕೇಳಿಲ್ಲ. ಈ ವ್ಯತ್ಯಾಸ ಹೇಗೆ ಉಂಟಾಯಿತು ಎಂಬುದನ್ನು ತಿಳಿದುಕೊಂಡರೆ ಲಾಲ್‌ಬಾಗಿನಲ್ಲಿ ನಾವು ಮಕ್ಕಳಿಗೆ ಹೇಳಬೇಕಾದ ಮಾತು ಸ್ವಲ್ಪ ಬೇರೆಯಾಗುತ್ತದೆ.

ಉದ್ಯಾನವೆಂಬ ಪರಂಪರೆ

ಅರಬಿ ಭಾಷೆಯಲ್ಲಿ ‘ಜನ್ನತ್’ ಎಂಬ ಪದಕ್ಕೆ ಮೂಲದಲ್ಲಿ ಉದ್ಯಾನವೆಂದೇ ಅರ್ಥ. ಪವಿತ್ರ ಕುರ್‌ಆನಿನಲ್ಲಿ ಸತ್ಯವಿಶ್ವಾಸಿಗಳಿಗೆ ವಾಗ್ದಾನ ಮಾಡಲಾದ ಪರಲೋಕದ ಚಿತ್ರಣದಲ್ಲಿ ನೆರಳು, ಹರಿಯುವ ನೀರು ಮತ್ತು ಹಣ್ಣಿನ ಮರಗಳು ಮತ್ತೆ ಮತ್ತೆ ಬರುತ್ತವೆ. ಒಬ್ಬ ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಪ್ರಾಣಿಯಾಗಲಿ, ಹಕ್ಕಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವಾಗಿ ದಾಖಲಾಗುತ್ತದೆ ಎಂಬ ಆಶಯದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಲು ಸಲ್ಮಾನ್ ಫಾರಿಸೀ(ರ)ಯವರು ತಮ್ಮ ಯಜಮಾನನಿಗೆ 300 ಖರ್ಜೂರದ ಸಸಿಗಳನ್ನು ನೆಟ್ಟು ಕೊಡಬೇಕಾಗಿ ಬಂದಾಗ, ಸಹಾಬಿಗಳು ಸಸಿಗಳನ್ನು ತಂದುಕೊಟ್ಟರು, ಪ್ರವಾದಿ ಮುಹಮ್ಮದ್(ಸ)ರು ತಮ್ಮ ಕೈಯಾರೆ ಅವುಗಳನ್ನು ನೆಟ್ಟರು. ಆ ಒಪ್ಪಂದದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸಸಿಗಳನ್ನು ನೆಟ್ಟರಷ್ಟೇ ಸಾಲದು, ಅವು ಬದುಕಿ ಬೇರೂರಬೇಕಾಗಿತ್ತು.

ಈ ಮನೋಭಾವವು ಮುಸ್ಲಿಮ್ ನಾಡುಗಳಲ್ಲಿ ಕ್ರಮೇಣ ಒಂದು ವಿದ್ಯೆಯಾಗಿ ಬೆಳೆಯಿತು. 9ನೆಯ ಶತಮಾನದಲ್ಲಿ ಅಬೂ ಹನೀಫಾ ದೀನವರೀ ಎಂಬ ವಿದ್ವಾಂಸರು ಸಸ್ಯಗಳ ಕುರಿತು ‘ಕಿತಾಬುನ್ನಬಾತ್’ ಎಂಬ ಗ್ರಂಥ ರಚಿಸಿದರು. (ಇವರು ಹನಫೀ ಮದ್ಸ್‌ಹಬಿನ ಇಮಾಮರಲ್ಲ, ಬೇರೆಯೇ ವ್ಯಕ್ತಿ.) 11ನೆಯ ಶತಮಾನದ ಸ್ಪೇನಿನಲ್ಲಿ, ತುಲೈತುಲಾ ಅಂದರೆ ಇಂದಿನ ಟೊಲೆಡೊ ನಗರದ ಅರಸ ಮಅ್‌ಮೂನರ ಉದ್ಯಾನದಲ್ಲಿ ಇಬ್ನ್ ವಾಫಿದ್ ಮತ್ತು ಇಬ್ನ್ ಬಸ್ಸಾಲ್ ಎಂಬ ವಿದ್ವಾಂಸರು ದುಡಿದರು. ಇಬ್ನ್ ಬಸ್ಸಾಲರು ಮಣ್ಣನ್ನು ಹತ್ತು ಬಗೆಗಳಾಗಿ ವಿಂಗಡಿಸಿ, ಯಾವುದಕ್ಕೆ ಯಾವ ಗೊಬ್ಬರ, ಯಾವ ಗಿಡಕ್ಕೆ ಎಷ್ಟು ನೀರು ಎಂದು ಬರೆದಿಟ್ಟರು. ಯುರೋಪಿನ ಪ್ರಾಚೀನ ಸಸ್ಯೋದ್ಯಾನಗಳಲ್ಲೊಂದೆಂದು ಹೆಸರಾದ ಇಟಲಿಯ ಪದುವಾದ ಉದ್ಯಾನ ಆರಂಭವಾದದ್ದು 1545ರಲ್ಲಿ. ಅದಕ್ಕಿಂತ ಐದು ಶತಮಾನಗಳಷ್ಟು ಹಿಂದೆಯೇ ಆಂದಲೂಸಿನ ಅರಮನೆಯ ತೋಟಗಳಲ್ಲಿ ದೂರದೇಶದ ಗಿಡಗಳನ್ನು ತಂದು, ನೆಟ್ಟು, ಪರೀಕ್ಷಿಸುವ ಕ್ರಮ ರೂಢಿಯಲ್ಲಿತ್ತು.

1085ರಲ್ಲಿ ಟೊಲೆಡೊ ಮುಸ್ಲಿಮರ ಕೈತಪ್ಪಿತು. ಇಬ್ನ್ ಬಸ್ಸಾಲರು ಇಶ್ಬೀಲಿಯಾಕ್ಕೆ, ಅಂದರೆ ಸೆವಿಲ್ಲೆಗೆ ಹೋಗಿ ಅಲ್ಲಿಯ ಅರಸರಿಗಾಗಿ ಮತ್ತೊಂದು ತೋಟವನ್ನು ಬೆಳೆಸಿದರು. ಮೊದಲ ತೋಟ ಕೈಬಿಟ್ಟರೂ ತೋಟದ ವಿದ್ಯೆ ಅವರೊಂದಿಗೆ ಹೋಯಿತು, ಅವರ ನಂತರದವರ ಗ್ರಂಥಗಳಲ್ಲಿ ಉಳಿಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದಾಗಲೇ ಉದ್ಯಾನಕ್ಕೆ ಆಯುಷ್ಯ.

ಸಿರಾದಿಂದ ಬೆಂಗಳೂರಿಗೆ

ನಮ್ಮ ನಾಡಿಗೆ ಈ ಪರಂಪರೆ ಬಂದದ್ದು ಪರ್ಷಿಯಾ ಮತ್ತು ಮೊಘಲರ ದಾರಿಯಿಂದ. ಚೌಕಾಕಾರದ ನೆಲವನ್ನು ದಾರಿಗಳಿಂದಲೂ ನೀರಿನ ಕಾಲುವೆಗಳಿಂದಲೂ ನಾಲ್ಕಾಗಿ ವಿಭಾಗಿಸುವ ‘ಚಾರ್‌ಬಾಗ್’ ಪದ್ಧತಿಯನ್ನು ಬಾಬರರು ಹಿಂದೂಸ್ತಾನದಲ್ಲಿ ಜನಪ್ರಿಯಗೊಳಿಸಿದರು. ಮೊಘಲರ ಆಡಳಿತ ದಕ್ಷಿಣಕ್ಕೆ ವಿಸ್ತರಿಸಿದಾಗ ಇಂದಿನ ತುಮಕೂರು ಜಿಲ್ಲೆಯ ಸಿರಾ ಒಂದು ಪ್ರಾಂತದ ರಾಜಧಾನಿಯಾಯಿತು. ಅಲ್ಲಿಯ ನವಾಬ ದಿಲಾವರ್ ಖಾನರ ಕಾಲದಲ್ಲಿ ಅರಮನೆಯೂ ‘ಖಾನ್ ಬಾಗ್’ ಎಂಬ ಉದ್ಯಾನವೂ ತಲೆಯೆತ್ತಿದವು. ಬೆಂಗಳೂರಿನ ಲಾಲ್‌ಬಾಗಿಗೆ ಸಿರಾದ ಈ ತೋಟವೇ ಮಾದರಿ ಎಂಬುದು ಪರಂಪರೆಯಿಂದ ಬಂದ ಅಭಿಪ್ರಾಯ. ಹೈದರ್ ಅಲಿಯವರ ತಂದೆ ಫತಹ್ ಮುಹಮ್ಮದರು ಸಿರಾದ ನವಾಬರ ಸೇವೆಯಲ್ಲಿದ್ದವರು. ಆದ್ದರಿಂದ ಈ ಅಭಿಪ್ರಾಯಕ್ಕೆ ಬಲವಿದೆ.

ಬೆಂಗಳೂರನ್ನು ಮೈಸೂರಿನ ಇಮ್ಮಡಿ ಕೃಷ್ಣರಾಜ ಒಡೆಯರು ಹೈದರ್ ಅಲಿಯವರಿಗೆ ಜಹಗೀರಾಗಿ ನೀಡಿದ್ದರು. ಕೋಟೆಯಿಂದ ಅನತಿ ದೂರದಲ್ಲಿ ಸುಮಾರು 40 ಎಕರೆಯ ತೋಟವನ್ನು ಅವರು ಆರಂಭಿಸಿದ ವರ್ಷ 1760 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ವರ್ಷ ಹೈದರ್ ಅಲಿಯವರ ಬಾಳಿನಲ್ಲಿ ನೆಮ್ಮದಿಯ ವರ್ಷವಾಗಿರಲಿಲ್ಲ. ಅವರ ಕೈಕೆಳಗೆ ಬೆಳೆದ ಖಂಡೇರಾಯನು ಅವರ ವಿರುದ್ಧ ತಿರುಗಿಬಿದ್ದಾಗ, ಕುಟುಂಬವನ್ನು ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು ರಾತ್ರೋರಾತ್ರಿ ಬೆಂಗಳೂರಿಗೆ ಧಾವಿಸಿ ಆಶ್ರಯ ಪಡೆಯಬೇಕಾಯಿತು. ಮರುವರ್ಷವಷ್ಟೇ ಅವರಿಗೆ ಅಧಿಕಾರ ಮರಳಿ ದೊರೆಯಿತು. ತಮ್ಮ ನಾಳೆಯೇ ಅನಿಶ್ಚಿತವಾಗಿದ್ದ ಕಾಲದಲ್ಲಿ, ಹತ್ತಾರು ವರ್ಷಗಳ ನಂತರ ನೆರಳು ಕೊಡುವ ಮರಗಳನ್ನು ನೆಡಿಸಿದ ವ್ಯಕ್ತಿ ಅವರು. ಅಂತ್ಯದಿನ ಬಂದೆರಗುತ್ತಿರುವಾಗಲೂ ಕೈಯಲ್ಲಿ ಸಸಿ ಇದ್ದರೆ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ಇಲ್ಲಿ ನೆನಪಾಗದಿರದು.

ಹೈದರ್ ಅಲಿಯವರಿಗೆ ಓದು ಬರಹ ಬರುತ್ತಿರಲಿಲ್ಲ ಎಂಬುದನ್ನು ಚರಿತ್ರಕಾರರೆಲ್ಲರೂ ಒಪ್ಪುತ್ತಾರೆ. ಅಕ್ಷರ ಅರಿಯದವರೊಬ್ಬರು ಆರಂಭಿಸಿದ ತೋಟವು ಮುಂದೆ ಸಸ್ಯಶಾಸ್ತ್ರದ ಅಧ್ಯಯನ ಕೇಂದ್ರವಾಗಿ ಬೆಳೆದುದು ಕುತೂಹಲಕರ. ದೆಹಲಿ, ಲಾಹೋರ್, ಮುಲ್ತಾನ್, ಆರ್ಕಾಟುಗಳಿಂದ ಅವರು ಗಿಡಗಳನ್ನು ತರಿಸಿದರೆಂದು ಹೇಳುತ್ತಾರೆ. ಆ ಗಿಡಗಳಿಗೆ ನೀರೆರೆದ ಕೈಗಳ ಹೆಸರುಗಳು ಚರಿತ್ರೆಯಲ್ಲಿ ದಾಖಲಾಗಿಲ್ಲ. ಆದರೆ ತೋಟಗಾರಿಕೆಯಲ್ಲಿ ನಿಪುಣರಾದ ತಿಗಳ ಸಮುದಾಯದವರು ಲಾಲ್‌ಬಾಗಿನ ಮೊದಲ ತೋಟಗಾರರಾಗಿದ್ದರೆಂಬುದು ಬೆಂಗಳೂರಿನ ಪರಂಪರೆಯ ಮಾತು. ಬೆಂಗಳೂರು ಕರಗವನ್ನು ಹೊರುವವರೂ ಇದೇ ಸಮುದಾಯದವರು. ಆ ಮೆರವಣಿಗೆ ಇಂದಿಗೂ ಕಾಟನ್‌ಪೇಟೆಯ ಹಜ್ರತ್ ತವಕ್ಕಲ್ ಮಸ್ತಾನರ ದರ್ಗಾದ ಬಳಿ ನಿಂತು ಮುಂದೆ ಸಾಗುತ್ತದೆ. ನೆಡಿಸಿದವರ ಧರ್ಮ ಒಂದು, ನೀರೆರೆದವರ ಧರ್ಮ ಇನ್ನೊಂದು. ಮೊದಲ ದಿನದಿಂದಲೂ ಆ ತೋಟದ ರೀತಿ ಹಾಗೆಯೇ ಇತ್ತು.

ಟಿಪ್ಪು ಸುಲ್ತಾನರ ಬೀಜಗಳು

ಟಿಪ್ಪು ಸುಲ್ತಾನರನ್ನು ನಾವು ಖಡ್ಗದೊಂದಿಗೆ ನೆನೆಯುತ್ತೇವೆ. ಅವರ ಪತ್ರಗಳನ್ನು ಓದಿದವರಿಗೆ ಬೀಜಗಳನ್ನೂ ಸಸಿಗಳನ್ನೂ ಹುಡುಕುತ್ತಿದ್ದ ಇನ್ನೊಬ್ಬ ಸುಲ್ತಾನರ ಪರಿಚಯವಾಗುತ್ತದೆ. ಕಾಬೂಲ್, ಪರ್ಷಿಯಾ, ತುರ್ಕಿ, ಮಾರಿಷಸ್ ಮೊದಲಾದ ಕಡೆಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸುವ ಪ್ರಯತ್ನವನ್ನು ಅವರು ಮಾಡಿದರು. 1788ರಲ್ಲಿ ಅವರ ರಾಯಭಾರಿಗಳು ಫ್ರಾನ್ಸಿನ ದೊರೆ 16ನೆಯ ಲೂಯಿಯ ಆಸ್ಥಾನಕ್ಕೆ ಹೋದಾಗ ಸೈನಿಕ ನೆರವನ್ನು ಮಾತ್ರ ಕೇಳಲಿಲ್ಲ. ಕುಶಲಕರ್ಮಿಗಳನ್ನೂ, ಹೂವು ಹಣ್ಣುಗಳ ಬೀಜ ಮತ್ತು ಸಸಿಗಳನ್ನೂ ಕೇಳಿದರು. ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಿ ರಾಜ್ಯದ 21 ಸ್ಥಳಗಳಲ್ಲಿ ಸಾಕುವ ಯೋಜನೆಯನ್ನು ಅವರು ಹಾಕಿಕೊಂಡರು. ಅದಕ್ಕೆ ಬೇಕಾದ ಹಿಪ್ಪುನೇರಳೆಯ ಬೇಸಾಯವೂ ಜೊತೆಗೇ ಹರಡಿತು. ಹಳೆಯ ಮೈಸೂರು ಸೀಮೆಯ ರೇಷ್ಮೆಯ ಕಥೆ ಅಲ್ಲಿಂದಲೇ ಆರಂಭ.

ಅವರ ಕಂದಾಯದ ಕಾನೂನುಗಳಲ್ಲಿ ಒಂದು ವಿಧಿ ವಿಶೇಷವಾಗಿ ಮನಸ್ಸನ್ನು ಸೆಳೆಯುತ್ತದೆ. ತಪ್ಪಿತಸ್ಥನಾದ ರೈತನು ದಂಡದ ಹಣದ ಬದಲಿಗೆ ತನ್ನ ಊರಿನ ಮುಂದೆ ಎರಡು ಮಾವಿನ ಗಿಡಗಳನ್ನೂ ಎರಡು ಬಾದಾಮಿ ಗಿಡಗಳನ್ನೂ ನೆಟ್ಟು, ಅವು ಮೂರು ಅಡಿ ಎತ್ತರ ಬೆಳೆಯುವ ತನಕ ನೀರೆರೆದು ಕಾಪಾಡಬೇಕಾಗಿತ್ತು. ಶಿಕ್ಷೆಯೂ ಊರಿಗೆ ನೆರಳಾಗಿ ಪರಿಣಮಿಸುವ ಈ ವ್ಯವಸ್ಥೆಯಲ್ಲಿ, ಸಲ್ಮಾನ್ ಫಾರಿಸೀ(ರ)ಯವರ ಒಪ್ಪಂದದ ಷರತ್ತೇ ಪ್ರತಿಧ್ವನಿಸುತ್ತದೆ. ಗಿಡ ಬದುಕಿದ ಮೇಲೆಯೇ ಬಾಧ್ಯತೆ ತೀರುತ್ತದೆ.

ಬೆಂಗಳೂರಿನ ತೋಟ ಆಗ ಹೇಗಿತ್ತು? ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಅದರ ವಿವರ ಕೊಟ್ಟಿದ್ದಾನೆ. ವಿಸ್ತಾರವಾದ ತೋಟವು ಚೌಕಾಕಾರದ ಮಡಿಗಳಾಗಿ ವಿಂಗಡಿಸಲ್ಪಟ್ಟಿತ್ತು. ಮಡಿಗಳ ನಡುವಿನ ದಾರಿಗಳ ಅಂಚಿನಲ್ಲಿ ಸೊಗಸಾದ ಸೈಪ್ರೆಸ್ ಮರಗಳಿದ್ದವು. ಒಂದೊಂದು ಮಡಿಯಲ್ಲಿ ಒಂದೊಂದೇ ಜಾತಿಯ ಗಿಡ: ಇಲ್ಲಿ ಗುಲಾಬಿ ಮಾತ್ರ, ಅಲ್ಲಿ ದಾಳಿಂಬೆ ಮಾತ್ರ. ಇದು ಮುಸ್ಲಿಮರ ತೋಟಗಾರಿಕೆಯ ಪದ್ಧತಿ ಎಂದು ಆತ ಗುರುತಿಸುತ್ತಾನೆ. ದ್ರಾಕ್ಷಿ, ಸೇಬು, ಪೀಚ್ ಗಿಡಗಳನ್ನೂ ಅಲ್ಲಿ ಬೆಳೆಸಲಾಗಿತ್ತು. ಬೇಸಗೆಯಲ್ಲಿ ಗಿಡಗಳೆಲ್ಲಕ್ಕೂ ನೀರು ಕಟ್ಟಬೇಕಾಗುವುದರಿಂದ ಈ ಸೀಮೆಯಲ್ಲಿ ತೋಟ ಮಾಡುವುದು ಪ್ರಯಾಸದ ಕೆಲಸ ಎಂದೂ ಆತ ಬರೆಯುತ್ತಾನೆ. ಸುಲ್ತಾನರಿಲ್ಲದ ಬೇಸಗೆಯಲ್ಲಿಯೂ ಯಾರೋ ಆ ಗಿಡಗಳಿಗೆ ನೀರು ಕಟ್ಟುತ್ತಿದ್ದರು ಎಂದಾಯಿತು.

ಕಡಿಯಲ್ಪಟ್ಟ ಲಾಲ್‌ಬಾಗ್

ಈಗ ಇನ್ನೊಂದು ಲಾಲ್‌ಬಾಗಿನ ಕಡೆಗೆ ಹೊರಳೋಣ. ಶ್ರೀರಂಗಪಟ್ಟಣದ ಲಾಲ್‌ಬಾಗ್ ಸುಲ್ತಾನರಿಗೆ ಹೃದಯಕ್ಕೆ ಹತ್ತಿರವಾದ ಸ್ಥಳವಾಗಿತ್ತು. 1782ರ ಡಿಸೆಂಬರಿನಲ್ಲಿ ನಿಧನರಾದ ತಂದೆಯ ಗೋರಿಯ ಮೇಲೆ ಅವರು ಗುಂಬಜನ್ನು ಕಟ್ಟಿಸಿದ್ದು ಆ ಉದ್ಯಾನದೊಳಗೇ. ಸಮೀಪದಲ್ಲಿ ಅರಮನೆಯಿತ್ತು. ಸೈಪ್ರೆಸ್ ಮರಗಳ ನೆರಳಿನ ದಾರಿಗಳಿದ್ದವು, ಹಣ್ಣಿನ ಮರಗಳಿದ್ದವು.

1792ರ ಫೆಬ್ರವರಿ 6ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ದಾಳಿ ನಡೆಸಿ ದ್ವೀಪದ ಪೂರ್ವ ಭಾಗವನ್ನು ವಶಪಡಿಸಿಕೊಂಡಿತು. ಲಾಲ್‌ಬಾಗ್ ಶತ್ರುವಿನ ಶಿಬಿರವಾಯಿತು. ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಕೋಟೆಗೆ ಮುತ್ತಿಗೆ ಹಾಕುವ ಸೈನ್ಯಕ್ಕೆ ಕಂದಕಗಳನ್ನು ಭದ್ರಪಡಿಸಲು ಕೊಂಬೆಗಳ ಕಂತೆಗಳು, ಮಣ್ಣು ತುಂಬುವ ದೊಡ್ಡ ಬುಟ್ಟಿಗಳು, ಗೂಟಗಳು ಅಪಾರ ಸಂಖ್ಯೆಯಲ್ಲಿ ಬೇಕಾಗಿದ್ದವು. ಅದಕ್ಕಾಗಿ ಉದ್ಯಾನದ ಮರಗಳನ್ನು ಕಡಿದರು. ಈ ಯುದ್ಧದ ಕಥನವನ್ನು ಬರೆದ ಮೇಜರ್ ಡಿರಾಮ್ ಎಂಬ ಬ್ರಿಟಿಷ್ ಅಧಿಕಾರಿಯೇ ಆ ದೃಶ್ಯವನ್ನು ವಿಷಾದದಿಂದ ದಾಖಲಿಸಿದ್ದಾನೆ. ಫೆಬ್ರವರಿ 24ರ ಹೊತ್ತಿಗೆ ಕದನ ನಿಂತಿತು. ಒಪ್ಪಂದದಂತೆ ಸುಲ್ತಾನರು ಅರ್ಧ ರಾಜ್ಯವನ್ನು ಕಳೆದುಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ತಂದೆಯ ಗೋರಿಯ ಸುತ್ತಲಿನ ತೋಟ ಬೋಳಾಗಲು ಮೂರು ವಾರಗಳೂ ಬೇಕಾಗಲಿಲ್ಲ.

ಸಿರಿಯಾಕ್ಕೆ ಹೊರಟ ಸೈನ್ಯದ ದಂಡನಾಯಕರಿಗೆ ಪ್ರಥಮ ಖಲೀಫಾ ಅಬೂಬಕರ್(ರ)ರು ನೀಡಿದ ಆದೇಶಗಳಲ್ಲಿ ಹಣ್ಣು ಕೊಡುವ ಮರಗಳನ್ನು ಕಡಿಯಬಾರದೆಂಬುದೂ ಒಂದು. ಇಮಾಮ್ ಮಾಲಿಕ್(ರ)ರ ‘ಮುವತ್ತಾ’ದಲ್ಲಿ ಈ ವರದಿಯಿದೆ. ಲಾಲ್‌ಬಾಗಿನ ಮರಗಳನ್ನು ಕಡಿದವರನ್ನು ಈ ಅಳತೆಗೋಲಿನಿಂದ ಅಳೆಯುವುದು ಸುಲಭ. ಆದರೆ ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಕು. 1780ರಲ್ಲಿ ಹೈದರ್ ಅಲಿಯವರ ಸೈನ್ಯವು ಆರ್ಕಾಟಿನ ಸೀಮೆಗೆ ನುಗ್ಗಿದಾಗ ಅಲ್ಲಿಯ ಹಳ್ಳಿಗಳೂ ಹೊಲಗಳೂ ನಾಶವಾದವು. ಅದೂ ಚರಿತ್ರೆಯೇ. ನಮ್ಮವರ ತೋಟ ಕಡಿದುದನ್ನು ನೆನೆಯುವವರು ನಮ್ಮವರಿಂದ ಸುಟ್ಟುಹೋದ ಬೆಳೆಯನ್ನೂ ನೆನೆಯುವುದೇ ನ್ಯಾಯ. ಸತ್ಯಕ್ಕೆ ಸಾಕ್ಷಿಗಳಾಗಿರಿ, ಅದು ಸ್ವತಃ ನಿಮಗೇ ವಿರುದ್ಧವಾಗಿದ್ದರೂ ಸರಿ ಎಂಬುದು ಕುರ್‌ಆನಿನ ಬೋಧನೆಯ ಸಾರ.

ಇಂದು ಗುಂಬಜ್‌ಗೆ ಭೇಟಿ ನೀಡುವವರು ಕಪ್ಪು ಕಲ್ಲಿನ ಕಂಬಗಳ ನಡುವೆ ನಿಂತು ಮೂರು ಗೋರಿಗಳಿಗೆ ಸಲಾಮ್ ಹೇಳುತ್ತಾರೆ: ಹೈದರ್ ಅಲಿ, ಫಾತಿಮಾ ಫಕ್ರುನ್ನಿಸಾ ಮತ್ತು 1799ರ ಮೇ 4ರಂದು ಹುತಾತ್ಮರಾದ ಟಿಪ್ಪು ಸುಲ್ತಾನ್. ತಾವು ನಿಂತ ನೆಲವೂ ಒಂದು ಲಾಲ್‌ಬಾಗ್ ಎಂಬುದು ಅವರಲ್ಲಿ ಬಹುಮಂದಿಗೆ ತಿಳಿದಿರುವುದಿಲ್ಲ.

ಉಳಿದುಕೊಂಡ ಲಾಲ್‌ಬಾಗ್

ಬೆಂಗಳೂರಿನ ಲಾಲ್‌ಬಾಗ್ ಉಳಿದದ್ದು ತಾನಾಗಿಯೇ ಅಲ್ಲ. 1799ರ ನಂತರ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್ ಅದರ ಉಸ್ತುವಾರಿ ವಹಿಸಿಕೊಂಡನು. ಬಳಿಕ ಅದು ಮೇಜರ್ ಗಿಲ್ಬರ್ಟ್ ವಾ ಎಂಬ ಸೇನಾಧಿಕಾರಿಯ ವಶಕ್ಕೆ ಬಂದಿತು. ತನ್ನ ಕೈಯಲ್ಲಿದ್ದ ತೋಟವನ್ನು 1819ರಲ್ಲಿ ಆತನೇ ಸರಕಾರಕ್ಕೆ ಒಪ್ಪಿಸಲು ಮುಂದಾದನು. ಕೆಲ ಕಾಲ ಅದು ಕಲಕತ್ತೆಯ ಸಸ್ಯೋದ್ಯಾನದ ಅಧೀನದಲ್ಲಿತ್ತು. 1836ರಲ್ಲಿ ವಿಲಿಯಂ ಮನ್ರೋ ಎಂಬ ಅಧಿಕಾರಿಯ ಮುತುವರ್ಜಿಯಿಂದ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದು ಹುಟ್ಟಿ ತೋಟವನ್ನು ನೋಡಿಕೊಂಡಿತು. 1842ರಲ್ಲಿ ಸಂಘ ಮುಚ್ಚಿತು, ತೋಟ ಮತ್ತೆ ಅನಾಥವಾಯಿತು. ಆಗ ಅದು ಕೊನೆಗಂಡಿದ್ದರೆ ಇಂದು ಅಲ್ಲಿ ಮನೆಗಳ ಸಾಲೊಂದು ಇರುತ್ತಿತ್ತೇನೋ.

ಹ್ಯೂ ಕ್ಲೆಗಾರ್ನ್ ಎಂಬ ವೈದ್ಯ ಹಾಗೂ ಅರಣ್ಯತಜ್ಞನ ಶಿಫಾರಸಿನಂತೆ 1856ರಲ್ಲಿ ಅದು ಸರಕಾರಿ ತೋಟಗಾರಿಕಾ ಉದ್ಯಾನವಾಯಿತು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಾದ ವಿಲಿಯಂ ನ್ಯೂ ಅದರ ಮೇಲ್ವಿಚಾರಕನಾಗಿ ಬಂದನು. 1874ರಲ್ಲಿ ಬಂದ ಜಾನ್ ಕ್ಯಾಮರನ್ ಮೂವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ದುಡಿದನು. ಗಾಜಿನ ಮನೆಗೆ 1889ರ ನವೆಂಬರ್ 30ರಂದು ಶಂಕುಸ್ಥಾಪನೆಯಾದದ್ದು, ಕೆಂಪೇಗೌಡರ ಹೆಸರಿನ ಗೋಪುರವಿರುವ ಬಂಡೆ ಉದ್ಯಾನದೊಳಗೆ ಸೇರಿದ್ದು ಆತನ ಕಾಲದಲ್ಲಿ. ಸೀಮೆ ಬದನೆಕಾಯಿಯನ್ನು ಬೆಂಗಳೂರಿಗೆ ಪರಿಚಯಿಸಿದವನೂ ಆತನೇ ಎನ್ನುತ್ತಾರೆ. ಇಂದು ಕೆಲವು ಮನೆಗಳ ದಾಲ್ಚಾದಲ್ಲಿ ಸೋರೆಕಾಯಿಯ ಜಾಗಕ್ಕೆ ಬೀಳುವುದೂ ಅದೇ ಕಾಯಿ.

1908ರಲ್ಲಿ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಬಂದರು. ಬೆಂಗಳೂರಿನ ರಸ್ತೆಗಳ ಇಕ್ಕೆಲಗಳಲ್ಲಿ ಋತುವಿಗೊಂದು ಮರ ಹೂಬಿಡುವಂತೆ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಅವರದು. 1932ರಲ್ಲಿ ಅವರ ಸ್ಥಾನಕ್ಕೆ ಎಚ್. ಸಿ. ಜವರಾಯರು ಬಂದರು. ಸ್ವಾತಂತ್ರ್ಯಾನಂತರ ಡಾ. ಎಂ. ಎಚ್. ಮರಿಗೌಡರು ಲಾಲ್‌ಬಾಗನ್ನು ಕೇಂದ್ರವಾಗಿಟ್ಟುಕೊಂಡು ರಾಜ್ಯದಾದ್ಯಂತ ತೋಟಗಾರಿಕೆಯನ್ನು ರೈತರ ಬಳಿಗೆ ಕೊಂಡೊಯ್ದರು. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ: ದಕ್ಷಿಣದ ಮುಸ್ಲಿಮ್ ಅರಸರು, ತಿಗಳ ತೋಟಗಾರರು, ಅರಸರನ್ನು ಸೋಲಿಸಿದ ಕಂಪನಿಯ ಉದ್ಯೋಗಿಗಳು, ಮೈಸೂರಿನ ಒಡೆಯರು, ಒಬ್ಬ ಜರ್ಮನ್, ನಮ್ಮದೇ ನಾಡಿನ ಒಕ್ಕಲು ಮಕ್ಕಳು. ಶ್ರೀರಂಗಪಟ್ಟಣದ ಲಾಲ್‌ಬಾಗನ್ನು ಕಡಿದದ್ದು ಕಂಪನಿಯ ಸೈನ್ಯ. ಬೆಂಗಳೂರಿನ ಲಾಲ್‌ಬಾಗಿಗೆ ನೀರೆರೆದವರಲ್ಲಿ ಅದೇ ಕಂಪನಿಯ ಜನರೂ ಇದ್ದಾರೆ. ಚರಿತ್ರೆಯನ್ನು ಎರಡೇ ಬಣ್ಣಗಳಲ್ಲಿ ಚಿತ್ರಿಸುವವರಿಗೆ ಈ ಮಾತು ನುಂಗಲಾರದ ತುತ್ತು.

“ಇದು ನಮ್ಮದಲ್ಲವೇ?”

ಕೆಲವು ತಿಂಗಳುಗಳ ಹಿಂದೆ ನಾವು ಮದ್ರಸದ ಹಿರಿಯ ತರಗತಿಯ ಮಕ್ಕಳೊಂದಿಗೆ ಲಾಲ್‌ಬಾಗಿಗೆ ಹೋಗಿದ್ದೆವು. ಮೆಟ್ರೊದಿಂದ ಇಳಿದು ಪಶ್ಚಿಮದ ಬಾಗಿಲಲ್ಲಿ ಟಿಕೆಟ್ ಪಡೆಯುತ್ತಿದ್ದಾಗ ಒಬ್ಬ ಹುಡುಗ ಕೇಳಿದ: “ಉಸ್ತಾದ್, ಇದನ್ನು ಮಾಡಿಸಿದ್ದು ಹೈದರ್ ಅಲಿಯವರಲ್ವಾ? ಅಂದ್ರೆ ಇದು ನಮ್ಮದಲ್ವಾ? ಮತ್ತೆ ನಾವ್ಯಾಕೆ ಟಿಕೆಟ್ ತಗೋಬೇಕು?”

ಉಳಿದವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಹೈದರ್ ಮತ್ತು ಟಿಪ್ಪು ಎಂಬ ಹೆಸರುಗಳನ್ನು ಎತ್ತಿದೊಡನೆ ವಾದ ಆರಂಭವಾಗುವ ಕಾಲದಲ್ಲಿ ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ. ಒಂದು ಕಡೆ ಆ ಹೆಸರುಗಳನ್ನು ಅಳಿಸುವ ಆತುರ, ಇನ್ನೊಂದು ಕಡೆ ಹೆಸರನ್ನಷ್ಟೇ ಹಿಡಿದುಕೊಂಡು ಇದು ನಮ್ಮದು ಎನ್ನುವ ಹಠ. ಇವೆರಡರ ನಡುವೆ ಹದಿನಾಲ್ಕು ವರ್ಷದ ಹುಡುಗನಿಗೆ ತನ್ನ ನಾಡಿನಲ್ಲಿ ತನ್ನ ಪಾಲು ಯಾವುದೆಂದು ತಿಳಿಯಬೇಕಾಗಿದೆ.

ಉತ್ತರವನ್ನು ನಾವು ಆ ಕ್ಷಣ ಕೊಡಲಿಲ್ಲ. ಮೊದಲು ಬಂಡೆಯ ಮೇಲೆ ಹತ್ತಿಸಿದೆವು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಬಂಡೆಯ ಮೇಲೆ ನಿಂತಾಗ, ಹೈದರ್ ಅಲಿಯವರೂ ಕೆಂಪೇಗೌಡರೂ ನಿನ್ನೆ ಬಂದು ಹೋದವರಂತೆ ಕಾಣುತ್ತಾರೆ. ಭೂಮಿಯ ಒಡೆಯನು ಅಲ್ಲಾಹನು ಮಾತ್ರ, ಮನುಷ್ಯನು ಅದರ ಪ್ರತಿನಿಧಿ ಎಂಬ ಪಾಠವನ್ನು ಅಲ್ಲಿ ವಿವರಿಸಬೇಕಾಗಿ ಬರಲಿಲ್ಲ. ಅನಂತರ ಗಾಜಿನ ಮನೆಯ ಸಮೀಪದ, ಟಿಪ್ಪು ಸುಲ್ತಾನರ ಕಾಲದ್ದೆಂದು ಹೇಳಲಾಗುವ ಮಾವಿನ ಮರದ ಬಳಿಗೆ ಹೋದೆವು. ಮಕ್ಕಳು ಮೊಬೈಲ್ ಹೊರತೆಗೆದರು. ಅಷ್ಟರಲ್ಲಿ ನೀಲಿ ಸೀರೆಯ ಮೇಲೆ ಅಂಗಿ ತೊಟ್ಟ ಒಬ್ಬ ತಾಯಿ ಪಕ್ಕದಲ್ಲಿ ಬಿದ್ದ ಎಲೆಗಳನ್ನು ಗುಡಿಸಿ ಒಟ್ಟುಗೂಡಿಸುತ್ತ, ಮಕ್ಕಳಿಗೆ ಬೇರಿನ ಮೇಲೆ ಕಾಲಿಡಬೇಡಿ ಎಂದರು. ಆಗ ನಾವು ಆ ಹುಡುಗನಿಗೆ ಹೇಳಿದೆವು: ಈ ಮರವನ್ನು ಸುಲ್ತಾನರು ನೆಡಿಸಿರಬಹುದು. ಆದರೆ ಅವರು ಹುತಾತ್ಮರಾಗಿ 200 ವರ್ಷಗಳು ದಾಟಿದವು. ಅಷ್ಟೂ ವರ್ಷ ಇದನ್ನು ಬದುಕಿಸಿದವರು ಈ ತಾಯಿಯಂಥವರು. ನೀನು ಕೊಟ್ಟ ಟಿಕೆಟಿನ ಹಣ ಈ ಮರಕ್ಕೆ ನೀನೆರೆದ ಒಂದು ಚೊಂಬು ನೀರು. ಎರೆದವನಿಗೆ ಮಾತ್ರ ಇದು ನಮ್ಮದು ಎನ್ನುವ ಹಕ್ಕು.

ನಮ್ಮ ಪಾಲಿನ ನೀರು

ಇಸ್ಲಾಮೀ ಪರಂಪರೆಯಲ್ಲಿ ಈ ಚಿಂತನೆಗೆ ಒಂದು ಸಾಂಸ್ಥಿಕ ರೂಪವೂ ಇದೆ. ಉಮರ್(ರ)ರಿಗೆ ಖೈಬರಿನಲ್ಲಿ ಬೆಲೆಬಾಳುವ ಭೂಮಿ ದೊರೆತಾಗ ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಮೂಲ ಭೂಮಿಯನ್ನು ಮಾರದೆ, ದಾನ ಕೊಡದೆ, ವಾರಸುದಾರರಿಗೆ ಹಂಚದೆ ಉಳಿಸಿಕೊಂಡು, ಅದರ ಉತ್ಪನ್ನವನ್ನು ಬಡವರಿಗೂ ಬಂಧುಗಳಿಗೂ ಪ್ರಯಾಣಿಕರಿಗೂ ವಿನಿಯೋಗಿಸುವ ಏರ್ಪಾಡಾಯಿತು. ವಕ್ಫ್ ವ್ಯವಸ್ಥೆಯ ಬುನಾದಿಯೇ ಅದು. ಆ ವ್ಯವಸ್ಥೆಯಲ್ಲಿ ನೋಡಿಕೊಳ್ಳುವವನಿಗೂ ಸ್ಥಾನವಿದೆ. ಮುತವಲ್ಲಿಯಿಲ್ಲದ ವಕ್ಫ್ ಬಹುಕಾಲ ಬಾಳುವುದಿಲ್ಲ ಎಂಬುದನ್ನು ನಮ್ಮ ಊರುಗಳ ಪಾಳುಬಿದ್ದ ಕಬರಸ್ತಾನಗಳೂ ಬತ್ತಿದ ಬಾವಿಗಳೂ ಸಾರಿ ಹೇಳುತ್ತಿವೆ. ಕೊಟ್ಟವರ ಹೆಸರು ಕಲ್ಲಿನಲ್ಲಿದೆ. ನೋಡಿಕೊಳ್ಳಬೇಕಾದವರು ನಾವು.

ಆದ್ದರಿಂದ ಓದುಗ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಬಾರಿ ಲಾಲ್‌ಬಾಗಿಗೆ ಹೋದಾಗ ಮಕ್ಕಳಿಗೆ ಹೈದರ್ ಮತ್ತು ಟಿಪ್ಪುವಿನ ಹೆಸರನ್ನು ಅಭಿಮಾನದಿಂದಲೇ ಹೇಳಿ, ಜೊತೆಗೆ ಕ್ಯಾಮರನ್, ಕ್ರುಂಬಿಗಲ್, ಜವರಾಯ, ಮರಿಗೌಡರ ಹೆಸರುಗಳನ್ನೂ ಹೇಳಿ. ಮರಗಳಿಗೆ ತೂಗುಹಾಕಿದ ಹೆಸರಿನ ಫಲಕಗಳನ್ನು ಓದಿಸಿ. ಐದು ಮರಗಳ ಹೆಸರು ಕಲಿತು ಮನೆಗೆ ಬಂದರೆ ಆ ಪ್ರವಾಸ ಸಾರ್ಥಕ. ಶ್ರೀರಂಗಪಟ್ಟಣಕ್ಕೆ ಹೋದಾಗ ಗುಂಬಜಿನ ಸುತ್ತ ಒಮ್ಮೆ ನಿಧಾನವಾಗಿ ನಡೆದು, ಅಲ್ಲಿ ಇಲ್ಲದಿರುವ ಮರಗಳ ಕಥೆಯನ್ನು ಹೇಳಿ.

ಮನೆಗೆ ಮರಳಿದ ಮೇಲೆ ಮಾಡಬೇಕಾದುದು ಇನ್ನೊಂದಿದೆ. ಮಳೆಗಾಲದ ಆರಂಭದಲ್ಲಿ ಮಸೀದಿ ಮದ್ರಸಗಳ ಅಂಗಳದಲ್ಲಿ ಸಸಿ ನೆಡುವ ಕಾರ್ಯಕ್ರಮಗಳು ನಡೆಯುತ್ತವೆ. ಅತಿಥಿಗಳು ಬರುತ್ತಾರೆ, ಫೋಟೊ ತೆಗೆಯಲಾಗುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಆ ಸಸಿಯ ಗತಿ ಏನಾಯಿತೆಂದು ಕೇಳುವವರು ಕಡಿಮೆ. ಟಿಪ್ಪು ಸುಲ್ತಾನರ ಕಾನೂನನ್ನು ನಾವೇ ನಮ್ಮ ಮೇಲೆ ಹೇರಿಕೊಂಡರೆ ಹೇಗೆ? ನೆಟ್ಟ ಪ್ರತಿಯೊಂದು ಸಸಿಯೂ ಮೂರು ಅಡಿ ಬೆಳೆಯುವ ತನಕ ಒಬ್ಬ ವಿದ್ಯಾರ್ಥಿಯ ಹೊಣೆ. ವುಝೂ ಮಾಡಿದ ನೀರು ಚರಂಡಿಗೆ ಹೋಗುವ ಬದಲು ಆ ಸಸಿಯ ಪಾತಿಗೆ ಹೋಗಲಿ. ಖರ್ಚಿಲ್ಲದ ಕೆಲಸ, ಬೇಕಾದುದು ಪ್ರತಿದಿನದ ಗಮನ ಮಾತ್ರ.

ಆ ಸಸಿ ಮರವಾದಾಗ ಅದರ ನೆರಳಿನಲ್ಲಿ ಯಾರು ಕುಳಿತುಕೊಳ್ಳುವರೆಂದು ನಮಗೆ ತಿಳಿದಿಲ್ಲ. ಹೈದರ್ ಅಲಿಯವರಿಗೂ ತಿಳಿದಿರಲಿಲ್ಲ. ನೆಡುವ ಮನಸ್ಸನ್ನೂ, ನೆಟ್ಟುದನ್ನು ಉಳಿಸುವ ಸಹನೆಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.